ಪಿಕಪ್ಪಿನ ಹಿಂದಿನ ಪಾಟಾ ತುಂಡಾಗಿದೆ, ಊರಲ್ಲೇ ಬದಲಿಸಬಹುದೇ?

ಎರೆಹೊಲ_ರೋಣ · ಶನಿವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ರೋಣದ ಕಡೆಯವನು ನಾನು. ಆರು ವರ್ಷದ ಪಿಕಪ್ ಇದೆ, ಹಿಂದೆ ಪಾಟಾ, ಅಂದರೆ ಉಕ್ಕಿನ ಪ್ಲೇಟು ಒಂದರ ಮೇಲೊಂದು ಪೇರಿಸಿದ ಲೀಫ್ ಸ್ಪ್ರಿಂಗ್. ಗುರುವಾರ ಉಳ್ಳಾಗಡ್ಡಿ ಹೇರಿಕೊಂಡು ಗದಗ ಮೇಲೆ ಹಾಯ್ದು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಹೊರಟಿದ್ದೆ. ಅಣ್ಣಿಗೇರಿ ದಾಟಿದ ಮೇಲೆ ಒಂದು ತಗ್ಗಿನಲ್ಲಿ ಹಿಂದೆ "ಠಣ್" ಅಂತ ಶಬ್ದ ಬಂತು. ಇಳಿದು ನೋಡಿದರೆ ಕತ್ತಲು, ಏನೂ ಕಾಣಲಿಲ್ಲ. ನಿಧಾನ ಹೋಗಿ ಮಾಲು ಇಳಿಸಿ ಬಂದೆ.

ಮನೆಗೆ ಬಂದು ಬ್ಯಾಟರಿ ಹಚ್ಚಿ ನೋಡಿದೆ. ಎಡಗಡೆ ಎರಡನೇ ಪ್ಲೇಟು ಪಾಟಾದ ಮುಂದಿನ ಕಣ್ಣಿನಿಂದ (ತುದಿಯ ಸುರುಳಿ ತೂತು) ಒಂದು ಗೇಣು ಹಿಂದೆ ತುಂಡಾಗಿದೆ. ಗಾಡಿ ಎಡಕ್ಕೆ ವಾಲಿದೆ. ಶ್ಯಾಕಲ್, ಅಂದರೆ ಪಾಟಾದ ಹಿಂದಿನ ತುದಿ ಹಿಡಿಯುವ ಕೊಂಡಿ, ಅದರ ತೂತಿನ ಒಳಪದರ ಬುಶ್ ಎರಡೂ ಕಡೆ ತಿಂದು ಹೋಗಿವೆ. ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದೆ. ಎಡಗಡೆ ಗಾಲಿ ಸ್ವಲ್ಪ ಹಿಂದೆ ಸರಿದ ಹಾಗೂ ಕಾಣುತ್ತದೆ, ನನ್ನ ಕಣ್ಣಿನ ತಪ್ಪೂ ಇರಬಹುದು.

ನನ್ನ ಹತ್ತಿರ ಪಾನಾ ಸೆಟ್ ಇದೆ, ಗಾಡಿ ಜೊತೆ ಬಂದ ಜಾಕ್ ಇದೆ, ತಮ್ಮ ಇದ್ದಾನೆ. ಟ್ರ್ಯಾಕ್ಟರ್ ಕೆಲಸ ಮಾಡಿ ರೂಢಿ. ಮನೆ ಅಂಗಳದಲ್ಲೇ ಮಾಡೋಣ ಅಂತ ಯೋಚನೆ. ಮಾಡಬಹುದಾ? ಎಲ್ಲಿ ಎಚ್ಚರ ಇರಬೇಕು?

ಬ್ಯಾಡಗಿ_ಲೋಡ್ · ಶನಿವಾರ, ರಾತ್ರಿ 9:32

ಒಂದು ಪ್ಲೇಟು ತಾನೆ, ಯಾಕೆ ತಲೆ ಕೆಡಿಸಿಕೊಳ್ತೀರಿ. ಬಿಚ್ಚಿ ವೆಲ್ಡಿಂಗ್ ಹೊಡೆಸಿ ಹಾಕಿ. ಬಿಚ್ಚಿದಾಗಲೇ ಎರಡು ಪ್ಲೇಟು ಜಾಸ್ತಿ ಸೇರಿಸಿಬಿಡಿ, ಮತ್ತೆ ತುಂಡಾಗೋದಿಲ್ಲ. ನಾನು ಹಾಗೇ ಓಡಿಸ್ತಿದ್ದೀನಿ.

ಗೋಕುಲರೋಡ್_ಫಿಟ್ಟರ್ · ಶನಿವಾರ, ರಾತ್ರಿ 10:05

ವೆಲ್ಡಿಂಗ್ ಬೇಡ. ಈ ಮಾತು ಮೊದಲು ಮುಗಿಸಿಬಿಡ್ತೀನಿ. ಪಾಟಾ ಮಾಮೂಲಿ ಕಬ್ಬಿಣ ಅಲ್ಲ. ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದಕ್ಕೆ ಕಾಯಿಸಿದ ಸ್ಪ್ರಿಂಗ್ ಉಕ್ಕು. ವೆಲ್ಡಿಂಗ್ ಬೆಂಕಿ ತಾಗಿದ ಕಡೆ ಆ ಹದ ಹೋಗುತ್ತದೆ. ಒಂದು ಕಡೆ ಗಾಜಿನ ಹಾಗೆ ಪೆಡಸು, ಅದರ ಪಕ್ಕ ಮೆತ್ತಗೆ. ಬೆಸುಗೆ ನೋಡಲು ಗಟ್ಟಿ ಕಾಣುತ್ತದೆ. ಲೋಡ್ ಬಿದ್ದ ದಿನ ಅದರ ಪಕ್ಕದಲ್ಲೇ ಮುರಿಯುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಟ್ರ್ಯಾಕ್ಟರ್ ಬಿಚ್ಚಿ ಕಟ್ಟುವವರಿಗೆ ಈ ನಟ್ಟು ಬೋಲ್ಟು ದೊಡ್ಡ ವಿಷಯ ಅಲ್ಲ. ಪಾನಾ ಹಿಡಿಯುವುದರಲ್ಲಿ ಅಪಾಯ ಇಲ್ಲ. ಬೋಲ್ಟು ಸಡಿಲ ಮಾಡಿದ ಕ್ಷಣ ಭಾರ ಎಲ್ಲಿಗೆ ಹೋಗುತ್ತದೆ ಅನ್ನುವುದರಲ್ಲಿ ಇದೆ. ಈಗ ಬಾಡಿ ಮತ್ತು ಚಾಸಿ (ಕೆಳಗಿನ ಉಕ್ಕಿನ ಚೌಕಟ್ಟು) ಪಾಟಾ ಮೇಲೆ ಕುಳಿತಿವೆ, ಪಾಟಾ ಆಕ್ಸಲ್ (ಎರಡು ಗಾಲಿ ನಡುವಿನ ಅಚ್ಚು) ಮೇಲೆ, ಆಕ್ಸಲ್ ಗಾಲಿ ಮೇಲೆ. ನೀವು ನಡುವಿನ ಪಾಟಾ ತೆಗೆಯುತ್ತೀರಿ. ಆಗ ಚಾಸಿಗೆ ಒಂದು ಆಸರೆ ಬೇಕು, ಆಕ್ಸಲ್‌ಗೆ ಇನ್ನೊಂದು ಬೇರೆ ಆಸರೆ ಬೇಕು. ಒಂದೇ ಜಾಕ್‌ನಲ್ಲಿ ಎರಡೂ ಆಗುವುದಿಲ್ಲ.

ಗಾಡಿ ಜೊತೆ ಬಂದ ಜಾಕ್ ಪಂಕ್ಚರ್‌ಗೆ ಮಾತ್ರ. ಎತ್ತುವುದಷ್ಟೇ ಅದರ ಕೆಲಸ, ಹೊತ್ತು ನಿಲ್ಲುವುದು ಅಲ್ಲ. ಖಾಲಿ ಗಾಡಿಯೇ ಒಂದೂವರೆ ಟನ್‌ಗಿಂತ ಜಾಸ್ತಿ ತೂಗುತ್ತದೆ. ಚಾಸಿ ಕೆಳಗೆ ಎರಡು ಜಾಕ್ ಸ್ಟ್ಯಾಂಡ್ ಬೇಕೇ ಬೇಕು, ನಮ್ಮ ಗ್ಯಾರೇಜಿನಲ್ಲಿ ಘೋಡಿ ಅಂತೀವಿ. ಹಿಂದಿನ ಪಾಟಾದ ಮುಂದಿನ ಹ್ಯಾಂಗರ್ ಇದೆಯಲ್ಲ, ಪಾಟಾದ ಮುಂದಿನ ಕಣ್ಣು ಚಾಸಿಗೆ ಸಿಕ್ಕುವ ಜಾಗ, ಅದಕ್ಕಿಂತ ಸ್ವಲ್ಪ ಮುಂದೆ, ಚಾಸಿ ಉದ್ದಪಟ್ಟಿಯ ಕೆಳಗೆ ಇಡಿ. ಆಕ್ಸಲ್ ಕೆಳಗೆ ಇಟ್ಟರೆ ಪಾಟಾ ಬಿಚ್ಚಲು ಬರುವುದಿಲ್ಲ, ಭಾರ ಪಾಟಾ ಮೇಲೇ ಉಳಿಯುತ್ತದೆ.

ಗಾಲಿ ಸರಿದ ಹಾಗೆ ಕಾಣುತ್ತದೆ ಅಂದಿರಲ್ಲ, ಅದನ್ನು ಹಗುರ ತಗೋಬೇಡಿ. ನಾಳೆ ಬೆಳಕಿನಲ್ಲಿ ಟೇಪ್ ಹಿಡಿಯಿರಿ. ಎಡಗಡೆ ಮುಂದಿನ ಹ್ಯಾಂಗರ್ ಬೋಲ್ಟ್ ನಡುವಿನಿಂದ ಆಕ್ಸಲ್ ನಡುವಿಗೆ ಎಷ್ಟು, ಬಲಗಡೆ ಎಷ್ಟು. ಎರಡೂ ಹೇಳಿ. ಅಲ್ಲಿಯವರೆಗೆ ಗಾಡಿ ಓಡಿಸಬೇಡಿ.

ಧಾರವಾಡ_ಬೈಪಾಸ್ · ಶನಿವಾರ, ರಾತ್ರಿ 10:41

ಫಿಟ್ಟರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಹ್ಯಾಂಡ್‌ಬ್ರೇಕ್ ಎಳೆದಿದ್ದೀನಿ, ಗೇರ್‌ನಲ್ಲಿ ಬಿಟ್ಟಿದ್ದೀನಿ, ಇನ್ನೇನು ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ನಮ್ಮ ಪಿಕಪ್‌ಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು. ಗೇರ್ ಹಿಡಿಯುವುದೂ ಹಿಂದಿನ ಗಾಲಿಗಳನ್ನೇ. ಹಿಂದೆ ಎತ್ತಿದ ಮೇಲೆ ಆ ಎರಡೂ ಗಾಳಿಯಲ್ಲಿ ಇರುತ್ತವೆ. ನೆಲದ ಮೇಲೆ ಉಳಿದ ಮುಂದಿನ ಗಾಲಿಗಳು ಹಾಯಾಗಿ ಉರುಳುತ್ತವೆ.

ಒಂದೇ ಕಡೆ ಎತ್ತಿದರೂ ಗೇರ್ ನಂಬಬೇಡಿ. ಒಂದು ಗಾಲಿ ಎದ್ದರೆ ಸಾಕು, ಡಿಫರೆನ್ಶಿಯಲ್ (ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಆ ಗಾಲಿಯನ್ನು ಸುಮ್ನೆ ತಿರುಗಲು ಬಿಡುತ್ತದೆ, ಗಾಡಿ ಜಾರುತ್ತದೆ. ಅದಕ್ಕೆ ಮುಂದಿನ ಎರಡೂ ಗಾಲಿಗೆ, ಮುಂದೆ ಒಂದು ಹಿಂದೆ ಒಂದು, ಕಟ್ಟಿಗೆ ಅಡ್ಡಿ ಬಡಿದು ಕೂರಿಸಿ. ದುಂಡು ಕಲ್ಲು ಇಡಬೇಡಿ. ನಾಲ್ಕು ಅಡ್ಡಿ ಆಗುತ್ತದೆ.

ಸವಣೂರ_ಸವಾರ · ಶನಿವಾರ, ರಾತ್ರಿ 11:20

ಅಂಗಳ ಅಂದಿರಲ್ಲ, ಮಣ್ಣಿನ ಅಂಗಳವಾ? ಎರೆಮಣ್ಣಾ? ಹಾಗಿದ್ದರೆ ನನ್ನ ಕಥೆ ಕೇಳಿ.

ನಾಲ್ಕು ವರ್ಷದ ಹಿಂದೆ ನಾನೂ ಹೀಗೇ ಮನೆ ಮುಂದೆ ಎತ್ತಿದ್ದೆ. ಶ್ಯಾಕಲ್ ಬುಶ್ ಬದಲಿಸುವುದಿತ್ತು. ಶ್ರಾವಣ ಮಾಸ, ಹಿಂದಿನ ವಾರ ಮಳೆ ಆಗಿ ಮೇಲೆ ಒಣಗಿತ್ತು. ಕಾಲಲ್ಲಿ ಒದ್ದರೆ ಟಣ್ ಅನ್ನುವಷ್ಟು ಗಟ್ಟಿ. ಬಾಟಲ್ ಜಾಕ್ ಇಟ್ಟು ಎತ್ತಿದೆ, ಗಾಲಿ ತೆಗೆದೆ. ಚಾಸಿಗೆ ಸ್ಟ್ಯಾಂಡ್ ಇರಲಿಲ್ಲ. ಮೂರು ಸಿಮೆಂಟ್ ಬ್ಲಾಕ್ ಪೇರಿಸಿದ್ದೆ, ಬುದ್ಧಿವಂತ ಅಂದುಕೊಂಡು.

ಎರೆಮಣ್ಣು ಗೊತ್ತಲ್ಲ. ಮೇಲೆ ರೊಟ್ಟಿ ಹಾಗೆ ಒಣಗಿರುತ್ತದೆ, ನಾಲ್ಕು ಬೆರಳು ಕೆಳಗೆ ಹಸಿ. ಜಾಕ್ ತಳ ಅಂಗೈ ಅಗಲ ಇಲ್ಲ. ಬೋಲ್ಟು ಬಿಗಿ ಇತ್ತು ಅಂತ ಪಾನಾಕ್ಕೆ ಪೈಪ್ ಹಾಕಿ ಎಳೆದೆ. ಜಾಕ್ ಒಂದು ಕಡೆ ಇಳಿಯಿತು, ಓರೆಯಾಯಿತು, ಸಿಡಿಯಿತು. ಭಾರ ಬ್ಲಾಕ್ ಮೇಲೆ ಬಿತ್ತು. ಬ್ಲಾಕ್ ಬಿರುಕು ಕೂಡ ಬಿಡಲಿಲ್ಲ, ಒಂದೇ ಏಟಿಗೆ ಪುಡಿ. ಬಿಚ್ಚಿದ ಗಾಲಿಯನ್ನು ನನ್ನ ಮಾವ ಸುಮ್ನೆ ಚಾಸಿ ಕೆಳಗೆ ತಳ್ಳಿ ಇಟ್ಟಿದ್ದ. ಗಾಡಿ ಅದರ ಮೇಲೆ ಕುಳಿತು ನಿಂತಿತು. ನನ್ನ ಎಡಗೈ ಆಗ ಹ್ಯಾಂಗರ್ ಹತ್ತಿರ ಇತ್ತು. ಇವತ್ತಿಗೂ ಆ ಶಬ್ದ ಕಿವಿಯಲ್ಲಿದೆ.

ಬ್ಲಾಕ್, ಇಟ್ಟಿಗೆ, ಕಡಪಾ ಕಲ್ಲು ಯಾವುದೂ ಬೇಡ. ಇವು ಬಗ್ಗುವುದಿಲ್ಲ, ಹೇಳದೆ ಕೇಳದೆ ಒಡೆಯುತ್ತವೆ. ಕಟ್ಟಿಗೆ ಆದರೆ ಮೊದಲು ಕಿರುಗುಟ್ಟುತ್ತದೆ.

ಎರೆಹೊಲ_ರೋಣ · ಭಾನುವಾರ, ಬೆಳಿಗ್ಗೆ 8:15

ಸವಣೂರ ಅಣ್ಣ, ಓದಿ ಅಂಗಳದ ಯೋಚನೆ ಬಿಟ್ಟೆ. ನಮ್ಮದು ಪೂರ್ತಿ ಎರೆ. ಊರಲ್ಲಿ ಹಿಟ್ಟಿನ ಗಿರಣಿ ಮುಂದೆ ಕಾಂಕ್ರೀಟ್ ಹಾಕಿದ ಸಮತಟ್ಟು ಜಾಗ ಇದೆ. ಗಿರಣಿಯವರನ್ನು ಕೇಳಿದೆ, ಬುಧವಾರ ಗಿರಣಿ ರಜೆ, ಮಾಡ್ಕೋ ಅಂದರು. ಅಲ್ಲಿಗೆ ಇನ್ನೂರು ಮೀಟರ್, ಖಾಲಿ ಗಾಡಿ, ನಡಿಗೆ ವೇಗದಲ್ಲಿ ಒಯ್ತೀನಿ.

ಅಜ್ಜನೂ ನಿಮ್ಮ ಮಾತನ್ನೇ ಹೇಳಿದ. ಚಕ್ಕಡಿ ಗಾಲಿ ತೆಗೆಯುವಾಗ ಮೊದಲು ಊರೆ (ಆಸರೆ ಕಟ್ಟಿಗೆ) ಕೊಟ್ಟು, ಚಕ್ಕಡಿ ಅಲುಗಾಡಿಸಿ ನೋಡಿ, ಆಮೇಲೆ ಕೀಲಿಗೆ ಕೈ ಹಾಕುತ್ತಿದ್ದರಂತೆ. ಅದೂ ಎತ್ತು ಎರಡನ್ನೂ ಬಿಚ್ಚಿ ದೂರ ಕಟ್ಟಿದ ಮೇಲೆ. "ನಿಮಗೆ ಎಂಜಿನ್ ಬಂತು, ಊರೆ ಮರೆತಿರಿ" ಅಂದ.

ಟೇಪ್ ಹಿಡಿದೆ. ಬಲಗಡೆಗಿಂತ ಎಡಗಡೆ 14 ಮಿಲಿಮೀಟರ್ ಜಾಸ್ತಿ. ಕಣ್ಣಿನ ತಪ್ಪಲ್ಲ.

ಗೋಕುಲರೋಡ್_ಫಿಟ್ಟರ್ · ಭಾನುವಾರ, ಬೆಳಿಗ್ಗೆ 9:02

ಹಾಗಾದರೆ ಸೆಂಟರ್ ಬೋಲ್ಟ್ ಕಡಿದಿದೆ. ಬಿಚ್ಚದೆಯೇ ಹೇಳ್ತೀನಿ.

ಪ್ಲೇಟುಗಳನ್ನೆಲ್ಲ ನಡುವೆ ಪೋಣಿಸಿ ಹಿಡಿಯುವುದು ಸೆಂಟರ್ ಬೋಲ್ಟ್. ಅದರ ತಲೆ ಆಕ್ಸಲ್ ಮೇಲಿನ ಸೀಟಿನ ತೂತಿನಲ್ಲಿ ಕೂರುತ್ತದೆ. ಆಕ್ಸಲ್ ಇಂಥ ಜಾಗದಲ್ಲೇ ಇರಬೇಕು ಅಂತ ಗುರುತು ಹಿಡಿಯುವುದು ಆ ತಲೆ. ಆದರೆ ಒತ್ತಿ ಹಿಡಿಯುವ ಶಕ್ತಿ ಅದರದ್ದಲ್ಲ, ಪಾಟಾವನ್ನು ಆಕ್ಸಲ್‌ಗೆ ಕಟ್ಟುವ U ಆಕಾರದ ಯು-ಬೋಲ್ಟ್‌ಗಳದ್ದು. ಯು-ಬೋಲ್ಟ್ ಸಡಿಲ ಆದರೆ ಪ್ರತಿ ಬ್ರೇಕಿಗೂ ಪ್ರತಿ ತಗ್ಗಿಗೂ ಆಕ್ಸಲ್ ಪೂರ್ತಿ ಆ ಸಣ್ಣ ಬೋಲ್ಟನ್ನು ಗರಗಸದ ಹಾಗೆ ಕೊಯ್ಯುತ್ತದೆ. ಒಂದು ದಿನ ಕಡಿಯುತ್ತದೆ. ಆಮೇಲೆ ಒಂದು ಕಡೆ ಆಕ್ಸಲ್ ಹಿಂದೆ ಸರಿದು ಗಾಡಿ ಏಡಿ ಹಾಗೆ ಅಡ್ಡ ಓಡುತ್ತದೆ. ಟಯರ್ ಒಂದೇ ಕಡೆ ಸವೆದಿದೆಯಾ ನೋಡಿ.

ನಿಮ್ಮ ಗಾಡಿಯ ಮೂಲ ರೋಗ ಇದೇ ಅಂತ ನನ್ನ ಅನಿಸಿಕೆ. ಪ್ಲೇಟು ಬದಲಿಸಿ ಹಳೆ ಯು-ಬೋಲ್ಟ್ ಹಾಕಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಯು-ಬೋಲ್ಟ್ ಒಮ್ಮೆ ಬಿಗಿದರೆ ಹಿಗ್ಗುತ್ತದೆ, ಎಳೆ ಸ್ವಲ್ಪ ಕೆಡುತ್ತದೆ. ಬಿಚ್ಚಿದ್ದನ್ನು ಮತ್ತೆ ಹಾಕುವುದಿಲ್ಲ. ನಾಲ್ಕೂ ಹೊಸದು, ನಟ್ ಸಮೇತ.

ಹುಬ್ಬಳ್ಳಿಗೆ ಬಂದು ಸಾಮಾನು ತರುವಾಗ ಇವಿಷ್ಟು ತನ್ನಿ. ಪಾಟಾ ಪೂರ್ತಿ ಸೆಟ್, ಎರಡೂ ಕಡೆಗೆ. ಒಂದೇ ಕಡೆ ಹೊಸದು ಹಾಕಿದರೆ ಗಾಡಿ ಬಲಕ್ಕೆ ವಾಲುತ್ತದೆ. ಸೆಂಟರ್ ಬೋಲ್ಟ್ ಸೆಟ್ ಜೊತೆ ಇರುತ್ತದೆ, ತಲೆಯ ಅಳತೆ ನಿಮ್ಮ ಸೀಟಿನ ತೂತಿಗೆ ಸರಿ ಇದೆಯಾ ನೋಡಿ. ಹ್ಯಾಂಗರ್ ಬೋಲ್ಟ್, ಶ್ಯಾಕಲ್ ಪಿನ್, ಬುಶ್ ಎಲ್ಲ ಹೊಸದು. ಬೋಲ್ಟ್ ತಲೆ ಮೇಲೆ 8.8 ಅಥವಾ 10.9 ಅಂತ ಕೊರೆದಿರುತ್ತದೆ. ಹಳೆಯದರ ಮೇಲೆ ಏನಿದೆಯೋ ಅದಕ್ಕಿಂತ ಕಡಿಮೆ ಬೇಡ. ಅಂಕಿಯೇ ಇಲ್ಲದ ಬೋಲ್ಟ್ ಕೊಟ್ಟರೆ ವಾಪಸ್ ಕೊಡಿ, ಅದು ಗೇಟ್ ಬಾಗಿಲಿಗೆ ಆಗುತ್ತದೆ. ಶಾಕ್ ಅಬ್ಸಾರ್ಬರ್ ಸೋರುತ್ತಿದ್ದರೆ ಜೋಡಿ. ಆಕ್ಸಲ್ ಚಾಸಿಗೆ ಬಡಿಯದ ಹಾಗೆ ತಡೆಯುವ ಬಂಪ್ ಸ್ಟಾಪರ್ ರಬ್ಬರ್ ಇದೆಯಾ ಬಿದ್ದು ಹೋಗಿದೆಯಾ ಅದನ್ನೂ ನೋಡಿ.

ಬ್ಯಾಡಗಿ_ಲೋಡ್ · ಭಾನುವಾರ, ಬೆಳಿಗ್ಗೆ 9:40

ವೆಲ್ಡಿಂಗ್ ವಿಷಯ ಒಪ್ಪಿದೆ ಅಂತ ಇಟ್ಕೊಳ್ಳಿ. ಆದರೆ ಎಕ್ಸ್‌ಟ್ರಾ ಪ್ಲೇಟಿಗೆ ಏನು ತೊಂದರೆ? ಎಲ್ಲರೂ ಹಾಕಿಸ್ತಾರೆ. ಒಣ ಮೆಣಸಿನಕಾಯಿ ಚೀಲ ಹೇರಿ ನೋಡಿ, ತೂಕ ಇರಲ್ಲ, ಎತ್ತರ ಇರುತ್ತೆ. ಮೋಟೆಬೆನ್ನೂರ ಹತ್ತಿರ ಹೈವೇ ಗಾಳಿಗೆ ಗಾಡಿ ತೊಟ್ಟಿಲ ಹಾಗೆ ತೂಗುತ್ತೆ. ಪ್ಲೇಟು ಹಾಕಿದ ಮೇಲೆ ಗಟ್ಟಿ ನಿಂತಿದೆ.

ಧಾರವಾಡ_ಬೈಪಾಸ್ · ಭಾನುವಾರ, ಬೆಳಿಗ್ಗೆ 10:18

ತೂಗಾಟಕ್ಕೆ ಕಾರಣ ಶಾಕ್ ಅಬ್ಸಾರ್ಬರ್ ಸತ್ತಿರಬಹುದು, ಬುಶ್ ತಿಂದಿರಬಹುದು. ಅದನ್ನು ಬಿಟ್ಟು ಪ್ಲೇಟು ಏರಿಸಿದಿರಿ.

ಪ್ಲೇಟು ಏರಿಸಿದರೆ ಪಾಟಾ ಒಂದೇ ಗಟ್ಟಿಯಾಗುತ್ತದೆ. ಆಕ್ಸಲ್ ಅದೇ, ಬೇರಿಂಗ್ ಅದೇ, ಟಯರ್ ಅದೇ, ಬ್ರೇಕ್ ಅದೇ. 1.3 ಟನ್ ಮಾಲು ಹೊರುವ ಗಾಡಿ ಪ್ಲೇಟು ಹಾಕಿದ ಕೂಡಲೇ 1.7 ಟನ್ ಹೊರುವ ಗಾಡಿ ಆಗುವುದಿಲ್ಲ. ಮುಂಚೆ ಪಾಟಾ ಬಗ್ಗಿ "ಸಾಕು" ಅಂತ ಹೇಳುತ್ತಿತ್ತು. ಈಗ ಹೇಳುವವರು ಯಾರೂ ಇಲ್ಲ, ನೀವು ಹೇರುತ್ತಾ ಹೋಗುತ್ತೀರಿ.

ಇನ್ನೊಂದು ಜಾಸ್ತಿ ಜನರಿಗೆ ಗೊತ್ತಿಲ್ಲ. ಬಹಳ ಪಿಕಪ್‌ಗಳಲ್ಲಿ ಹಿಂದೆ ಆಕ್ಸಲ್‌ನಿಂದ ಚಾಸಿಗೆ ಒಂದು ಸಣ್ಣ ಕಡ್ಡಿ ಅಥವಾ ಸ್ಪ್ರಿಂಗ್ ಇರುತ್ತದೆ, ಅದರ ತುದಿಗೆ ಒಂದು ವಾಲ್ವ್. ಲೋಡ್ ಸೆನ್ಸಿಂಗ್ ವಾಲ್ವ್ ಅಂತಾರೆ. ಗಾಡಿ ಹಿಂದೆ ಕುಸಿದರೆ ಅದು ಲೋಡ್ ಇದೆ ಅಂತ ತಿಳಿದು ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತದೆ. ಖಾಲಿ ಇದ್ದಾಗ ಕಡಿಮೆ ಬಿಡುತ್ತದೆ, ಹಿಂದಿನ ಗಾಲಿ ಕಚ್ಚಿ ಗಾಡಿ ತಿರುಗಬಾರದು ಅಂತ. ನೀವು ಪ್ಲೇಟು ಹಾಕಿ ಗಾಡಿ ಎತ್ತರ ಮಾಡಿದಿರಿ. ಲೋಡ್ ಹೇರಿದರೂ ಗಾಡಿ ಕುಸಿಯುವುದಿಲ್ಲ. ಪಾಪ ವಾಲ್ವ್ ಗಾಡಿ ಖಾಲಿ ಅಂತಲೇ ತಿಳಿದಿರುತ್ತದೆ. ಭಾರ ಪೂರ್ತಿ, ಹಿಂದಿನ ಬ್ರೇಕ್ ಅರ್ಧ.

ಮತ್ತೆ ದಂಡ. 2019ರ ತಿದ್ದುಪಡಿ ಆದ ಮೇಲೆ ಕೇಂದ್ರದ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡ್‌ಗೆ 20,000 ರೂಪಾಯಿ, ಮೇಲಿನ ಪ್ರತಿ ಟನ್‌ಗೆ 2,000 ಬೇರೆ, ಹೆಚ್ಚಿನ ಮಾಲು ಇಳಿಸುವ ಖರ್ಚೂ ನಮ್ಮದೇ.

ಬ್ಯಾಡಗಿ_ಲೋಡ್ · ಭಾನುವಾರ, ಬೆಳಿಗ್ಗೆ 10:25

ಆ ಕಡ್ಡಿ ನನ್ನ ಗಾಡಿಯಲ್ಲಿ ತಂತಿಯಿಂದ ಮೇಲಕ್ಕೆ ಕಟ್ಟಿದ್ದಾರೆ. ಪ್ಲೇಟು ಹಾಕಿದವರೇ ಕಟ್ಟಿದ್ದು. ಈಗ ಅರ್ಥ ಆಯ್ತು ಯಾಕೆ ಅಂತ.

ಗೋಕುಲರೋಡ್_ಫಿಟ್ಟರ್ · ಭಾನುವಾರ, ಬೆಳಿಗ್ಗೆ 10:31

ಮೇಲಕ್ಕೆ ಕಟ್ಟಿದ್ದರೆ ಖಾಲಿ ಗಾಡಿಯಲ್ಲಿ ಹಿಂದಿನ ಗಾಲಿ ಕಚ್ಚುತ್ತಿರಬೇಕು. ಮಳೆಯಲ್ಲಿ ಬ್ರೇಕ್ ಹಾಕಿದರೆ ಹಿಂದೆ ಜಾರುತ್ತದಾ?

ಬ್ಯಾಡಗಿ_ಲೋಡ್ · ಭಾನುವಾರ, ಬೆಳಿಗ್ಗೆ 10:33

ಜಾರುತ್ತೆ. ಟಯರ್ ಸರಿ ಇಲ್ಲ ಅಂತ ಎರಡು ಸಲ ಬದಲಿಸಿದೆ.

ಕಲಘಟಗಿ_ಕಚ್ಚಾರಸ್ತೆ · ಭಾನುವಾರ, ಮಧ್ಯಾಹ್ನ 1:50

ನಮ್ಮ ಕಡೆ ಮಳೆ ಜಾಸ್ತಿ, ಬೋಲ್ಟ್ ತುಕ್ಕು ಹಿಡಿದು ಕಲ್ಲಾಗಿರುತ್ತದೆ. ಎಲ್ಲರಿಗೂ ಮೊದಲು ಗ್ಯಾಸ್ ಕಟರ್ ನೆನಪಾಗುತ್ತದೆ. ಹತ್ತಿರದಲ್ಲೇ ಡೀಸೆಲ್ ಟ್ಯಾಂಕ್ ಇರುತ್ತದೆ, ಡೀಸೆಲ್ ಪೈಪ್, ಬ್ರೇಕ್ ಪೈಪ್ ಹಾದು ಹೋಗಿರುತ್ತವೆ. ಬುಶ್ ರಬ್ಬರ್ ಸುಟ್ಟರೆ ಬರುವ ಹೊಗೆಯೂ ಕೆಟ್ಟದ್ದು. ಎರಡು ದಿನ ಮೊದಲೇ ತಂತಿ ಬ್ರಷ್‌ನಿಂದ ಎಳೆ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಬೆಳಿಗ್ಗೆ ಸಂಜೆ ಬಿಡಿ. ಸೋಮವಾರದಿಂದ ಶುರು ಮಾಡಿದರೆ ಬುಧವಾರಕ್ಕೆ ಸರಿ. ಯು-ಬೋಲ್ಟ್ ಹೇಗೂ ಎಸೆಯುವುದೇ ಅಲ್ವಾ, ಬರದಿದ್ದರೆ ನಟ್ಟನ್ನು ಗ್ರೈಂಡರ್‌ನಿಂದ ಸೀಳಿ. ಕನ್ನಡಕ ಹಾಕಿ, ಕಿಡಿ ಟ್ಯಾಂಕ್ ಕಡೆ ಹಾರದ ಹಾಗೆ ಹಿಡಿದು.

ಹೊಸ ಶಾಕ್ ಅಬ್ಸಾರ್ಬರ್ ಗ್ಯಾಸ್‌ನದ್ದಾದರೆ ಕುಗ್ಗಿಸಿ ಕಟ್ಟಿದ ಪಟ್ಟಿ ಕತ್ತರಿಸಿದ ಕೂಡಲೇ ತಾನೇ ಉದ್ದ ಆಗುತ್ತದೆ, ಮುಖ ಹತ್ತಿರ ಇಟ್ಟುಕೊಳ್ಳಬೇಡಿ.

ಗೋಕುಲರೋಡ್_ಫಿಟ್ಟರ್ · ಸೋಮವಾರ, ರಾತ್ರಿ 9:20

ಬುಧವಾರದ ಕೆಲಸಕ್ಕೆ ಕ್ರಮ ಬರೆದು ಹಾಕ್ತೀನಿ, ಇದನ್ನು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.

ಗಾಡಿ ಖಾಲಿ ಇರಲಿ. ಸ್ಟೆಪ್ನಿ, ಟೂಲ್ ಪೆಟ್ಟಿಗೆ ಕೂಡ ಇಳಿಸಿ. ಮುಂದಿನ ಗಾಲಿಗೆ ಅಡ್ಡಿ. ಗಾಲಿ ನಟ್ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲ ಮಾಡಿ. ಟ್ರಾಲಿ ಜಾಕ್‌ನಿಂದ ಎತ್ತಿ, ಚಾಸಿ ಎರಡೂ ಕಡೆ ಸ್ಟ್ಯಾಂಡ್ ಇಟ್ಟು, ಭಾರ ನಿಧಾನ ಸ್ಟ್ಯಾಂಡ್ ಮೇಲೆ ಇಳಿಸಿ. ಆಮೇಲೆ ಬಾಡಿ ಹಿಡಿದು ಎರಡೂ ಕಡೆಯಿಂದ ಜೋರಾಗಿ ಅಲುಗಾಡಿಸಿ. ಬೀಳುವುದಿದ್ದರೆ ನೀವು ಕೆಳಗೆ ಹೋಗುವ ಮುಂಚೆ ಬೀಳಲಿ. ಬಿಚ್ಚಿದ ಗಾಲಿಗಳು ಚಾಸಿ ಕೆಳಗೆ.

ಒಂದು ಸಲಕ್ಕೆ ಒಂದೇ ಕಡೆ. ಎರಡೂ ಕಡೆ ಒಟ್ಟಿಗೆ ಬಿಚ್ಚಿದರೆ ಆಕ್ಸಲ್‌ಗೆ ಹೇಳುವವರು ಕೇಳುವವರು ಇಲ್ಲದೆ ಅದು ಮಗುಚುತ್ತದೆ, ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಎಳೆಯುತ್ತದೆ. ಎಡಗಡೆ ಆಕ್ಸಲ್ ಕೆಳಗೆ ಜಾಕ್ ಇಟ್ಟು, ಪಾಟಾ ಬಗ್ಗಿಯೂ ಇರಬಾರದು ಜೋತೂ ಬೀಳಬಾರದು, ಅಷ್ಟಕ್ಕೆ ಮೇಲೆ ಕೆಳಗೆ ಮಾಡಿ. ಶಾಕ್‌ನ ಕೆಳಗಿನ ಬೋಲ್ಟ್ ತೆಗೆಯಿರಿ. ಬ್ರೇಕ್ ಹೋಸ್ ಮತ್ತು ಹ್ಯಾಂಡ್‌ಬ್ರೇಕ್ ಕೇಬಲ್ ಮೇಲೆ ಕಣ್ಣಿಡಿ, ಆಕ್ಸಲ್ ಇಳಿಸಿದಷ್ಟೂ ಅವು ಬಿಗಿಯುತ್ತವೆ. ಹೋಸ್ ಮೇಲೆ ಆಕ್ಸಲ್ ತೂಗಿತೋ, ಒಳಗೆ ಹರಿದದ್ದು ಹೊರಗೆ ಕಾಣುವುದಿಲ್ಲ.

ಯು-ಬೋಲ್ಟ್ ನಟ್ ನಾಲ್ಕನ್ನೂ ಸ್ವಲ್ಪ ಸ್ವಲ್ಪ ಸರದಿಯಲ್ಲಿ ಸಡಿಲ ಮಾಡಿ. ನಿಮ್ಮ ಪಾಟಾ ಆಕ್ಸಲ್ ಮೇಲೆ ಕೂತಿದ್ದರೆ ಆಕ್ಸಲ್ ಸ್ವಲ್ಪ ಇಳಿಸಬೇಕು, ಕೆಳಗೆ ಜೋತಿದ್ದರೆ ಪಾಟಾವನ್ನೇ ಕೆಳಗೆ ಇಳಿಸಿಕೊಳ್ಳಬೇಕು. ಕೊನೆಗೆ ಶ್ಯಾಕಲ್, ಆಮೇಲೆ ಹ್ಯಾಂಗರ್ ಬೋಲ್ಟ್. ಪಾಟಾ ಸೆಟ್ ಭಾರ, ಒಬ್ಬರೇ ಮಲಗಿಕೊಂಡು ಎದೆ ಮೇಲೆ ತಗೋಬೇಡಿ. ತೂತಿನಲ್ಲಿ ಬೆರಳು ಹಾಕಿ ಸಾಲು ನೋಡಬೇಡಿ, ಸಬ್ಬಲ್ ಅಥವಾ ಕಡ್ಡಿ ಹಾಕಿ ನೋಡಿ. ಆ ತೂತು ಕತ್ತರಿ ಇದ್ದ ಹಾಗೆ.

ಹಳೆ ಸೆಟ್ಟಿನಿಂದ ಪ್ಲೇಟು ಬಿಡಿಸುವ ಆಸೆ ಆದರೆ ಸೆಂಟರ್ ಬೋಲ್ಟಿಗೆ ಸುಮ್ನೆ ಕೈ ಹಾಕಬೇಡಿ. ದೊಡ್ಡ ಸಿ-ಕ್ಲ್ಯಾಂಪ್ ಎರಡು ಕಡೆ ಬಿಗಿದು ಆಮೇಲೆ. ಇಲ್ಲದಿದ್ದರೆ ಪ್ಲೇಟುಗಳು ಒದೆಯುತ್ತವೆ.

ಎರೆಹೊಲ_ರೋಣ · ಬುಧವಾರ, ರಾತ್ರಿ 8:55

ಕೆಲಸ ಮುಗಿಯಿತು, ಕೈ ಕಾಲು ಎಲ್ಲ ಇದ್ದ ಜಾಗದಲ್ಲೇ ಇವೆ.

ಸ್ಟ್ಯಾಂಡ್ ಮತ್ತು ಟ್ರಾಲಿ ಜಾಕ್ ಗದಗದ ಪರಿಚಯದ ಗ್ಯಾರೇಜಿನಿಂದ ಒಂದು ದಿನಕ್ಕೆ ತಂದೆ. ಅಡ್ಡಿಗೆ ಜಾಲಿ ಕಟ್ಟಿಗೆ ಕೊಯ್ಸಿದೆ. ಎಡಗಡೆ ಯು-ಬೋಲ್ಟ್ ನಟ್ ಬಿಚ್ಚುವಾಗ ಎರಡು ಕೈಯಲ್ಲೇ ತಿರುಗಿದವು, ಪಾನಾ ಬೇಕಾಗಲಿಲ್ಲ! ಪಾಟಾ ಇಳಿಸಿದ ಕೂಡಲೇ ಸೆಂಟರ್ ಬೋಲ್ಟಿನ ತಲೆ ಟಣಕ್ ಅಂತ ಕಾಂಕ್ರೀಟ್ ಮೇಲೆ ಬಿತ್ತು. ಎರಡು ತುಂಡು. ಕಡಿದ ಜಾಗ ಅರ್ಧ ಹಳೆ ತುಕ್ಕು, ಅರ್ಧ ಹೊಸ ಬಿಳುಪು. ಬಹಳ ದಿನದಿಂದ ಕಡಿಯುತ್ತಾ ಬಂದಿತ್ತು ಅನ್ನಿಸುತ್ತದೆ. ಸೀಟಿನ ತೂತು ಕೂಡ ಸ್ವಲ್ಪ ಮೊಟ್ಟೆಯಾಕಾರ ಆಗಿದೆ, ಹೊಸ ತಲೆ ಬಿಗಿಯಾಗೇ ಕೂತಿತು.

ಕಳೆದ ಬೇಸಿಗೆಯಲ್ಲಿ ಒಂದು ಗ್ಯಾರೇಜಿನಲ್ಲಿ ಈ ಪಾಟಾ ಬಿಚ್ಚಿಸಿದ್ದೆ. ಆಮೇಲೆ ಯು-ಬೋಲ್ಟ್ ಮರುಬಿಗಿ ಮಾಡಬೇಕು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಲಗಡೆ ಹ್ಯಾಂಗರ್ ಬೋಲ್ಟ್ ಒಂದು ಗಂಟೆ ತಿಂದಿತು. ಬುಶ್‌ನ ಒಳಗಿನ ಕೊಳವೆಗೇ ತುಕ್ಕು ಕಚ್ಚಿತ್ತು. ತಮ್ಮ ಸುತ್ತಿಗೆಯಿಂದ ಬಡಿಯುತ್ತಿದ್ದ, ನಾನು ನಟ್ ತುದಿಗೆ ಉಲ್ಟಾ ಹಾಕಿಸಿ ಎಳೆ ಕೆಡದ ಹಾಗೆ ಬಡಿಸಿದೆ. ಗಿರಣಿಯವರು ಎರಡು ಸಲ ಚಹಾ, ಒಂದು ಸಲ ಗಿರಮಿಟ್ ಕಳಿಸಿದರು. ಊರ ಅರ್ಧ ಜನ ನಿಂತು ಸಲಹೆ ಕೊಟ್ಟರು.

ಎಲ್ಲ ಬೋಲ್ಟ್ ಗಟ್ಟಿ ಬಿಗಿದು, ಗಾಲಿ ಹಾಕಿ ಇಳಿಸಿದೆ. ಟೇಪ್ ಹಿಡಿದರೆ ಎರಡೂ ಕಡೆ ಸಮ, 1 ಮಿಲಿಮೀಟರ್ ವ್ಯತ್ಯಾಸ ಅಷ್ಟೇ.

ಗೋಕುಲರೋಡ್_ಫಿಟ್ಟರ್ · ಬುಧವಾರ, ರಾತ್ರಿ 9:14

ಚೆನ್ನಾಗಿ ಮಾಡಿದ್ದೀರಿ. ಒಂದು ಪ್ರಶ್ನೆ. ಹ್ಯಾಂಗರ್ ಮತ್ತು ಶ್ಯಾಕಲ್ ಬೋಲ್ಟ್ ಗಾಡಿ ಸ್ಟ್ಯಾಂಡ್ ಮೇಲೆ ಇದ್ದಾಗಲೇ ಪೂರ್ತಿ ಬಿಗಿದಿರಾ? ಬುಶ್ ರಬ್ಬರ್‌ದಾ, ಗನ್‌ಮೆಟಲ್‌ದಾ (ಒಂದು ಬಗೆಯ ಕಂಚು)?

ಎರೆಹೊಲ_ರೋಣ · ಬುಧವಾರ, ರಾತ್ರಿ 9:18

ರಬ್ಬರ್. ಹೌದು, ಸ್ಟ್ಯಾಂಡ್ ಮೇಲಿದ್ದಾಗಲೇ. ತಪ್ಪಾಯಿತಾ?

ಗೋಕುಲರೋಡ್_ಫಿಟ್ಟರ್ · ಬುಧವಾರ, ರಾತ್ರಿ 9:30

ಇದನ್ನು ಕ್ರಮದಲ್ಲಿ ಬರೆಯದೇ ಬಿಟ್ಟಿದ್ದು ನನ್ನ ತಪ್ಪು. ನಾಳೆ ಗಾಡಿ ಓಡಿಸುವ ಮುಂಚೆ ಸರಿ ಮಾಡಿಬಿಡಿ, ಅರ್ಧ ಗಂಟೆ ಕೆಲಸ.

ರಬ್ಬರ್ ಬುಶ್ ಒಳಗೆ ಕಬ್ಬಿಣದ ಕೊಳವೆ ಇದೆ. ಬೋಲ್ಟ್ ಬಿಗಿದರೆ ಆ ಕೊಳವೆ ಹ್ಯಾಂಗರ್‌ಗೆ ಕಚ್ಚಿಕೊಳ್ಳುತ್ತದೆ, ತಿರುಗುವುದಿಲ್ಲ. ಪಾಟಾ ಮೇಲೆ ಕೆಳಗೆ ಆಡುವಾಗ ರಬ್ಬರ್ ತಿರುಚಿ ಮತ್ತೆ ಸರಿಯಾಗುತ್ತದೆ, ಅದರ ಕೆಲಸವೇ ಅದು. ನೀವು ಪಾಟಾ ಜೋತಿದ್ದಾಗ ಬಿಗಿದಿರಿ. ಗಾಡಿ ಇಳಿಸಿದ ಕೂಡಲೇ, ಒಂದು ಚೀಲವೂ ಹೇರುವ ಮುಂಚೆ, ರಬ್ಬರ್ ಆಗಲೇ ತಿರುಚಿಕೊಂಡು ಕೂತಿದೆ. ಮೇಲೆ ಲೋಡ್ ಬಿದ್ದರೆ ಇನ್ನೂ ತಿರುಚುತ್ತದೆ, ಬೇಗ ಹರಿಯುತ್ತದೆ. ಹೊಸ ಬುಶ್ ಎರಡು ತಿಂಗಳಲ್ಲಿ ಹೋಯಿತು, ಮಾಲು ಡೂಪ್ಲಿಕೇಟ್ ಅಂತ ಅಂಗಡಿಯವರ ಜೊತೆ ಜಗಳ ಆಡುವವರಲ್ಲಿ ಅರ್ಧ ಜನರ ಕಥೆ ಇದು.

ಗಾಡಿ ನಾಲ್ಕು ಗಾಲಿ ಮೇಲೆ ನಿಂತಿರಲಿ. ಮುಂದೆ ಅಡ್ಡಿ ಹಾಕಿ. ಆ ಬೋಲ್ಟ್‌ಗಳ ನಟ್ ಸಡಿಲ ಮಾಡಿ, ತೆಗೆಯಬೇಡಿ. ಬಾಡಿ ಮೇಲೆ ಹತ್ತಿ ಎರಡು ಸಲ ಕುಣಿಯಿರಿ, ರಬ್ಬರ್ ತನ್ನ ಜಾಗಕ್ಕೆ ಬರಲಿ. ಆಮೇಲೆ ಟಾರ್ಕ್ ರೆಂಚ್‌ನಿಂದ (ಎಷ್ಟು ಬಿಗಿ ಆಯಿತು ಅಂತ ಅಂಕಿಯಲ್ಲಿ ಹೇಳುವ ಪಾನಾ) ಬಿಗಿಯಿರಿ. ಅಂಕಿ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿದ್ದಷ್ಟೇ. ಇನ್ನೊಬ್ಬರ ಗಾಡಿಯ ಅಂಕಿ ಬೇಡ, ಬೋಲ್ಟಿನ ದಪ್ಪ ಬೇರೆ ಇದ್ದರೆ ಅಂಕಿಯೂ ಬೇರೆ. ಯು-ಬೋಲ್ಟ್ ಕೊನೆಯ ಬಿಗಿಯೂ ಹೀಗೇ ನೆಲದ ಮೇಲೆ, ಮೂಲೆಯಿಂದ ಮೂಲೆಗೆ. ನಾಲ್ಕೂ ಕಾಲಿನಲ್ಲಿ ನಟ್ ಕೆಳಗೆ ಉಳಿದ ಎಳೆ ಸಮ ಕಾಣಬೇಕು.

ರಬ್ಬರ್‌ಗೆ ಗ್ರೀಸ್, ಎಂಜಿನ್ ಎಣ್ಣೆ ಬೇಡ, ಉಬ್ಬಿ ಹಾಳಾಗುತ್ತದೆ. ಕೂರಿಸಲು ಸಾಬೂನು ನೀರು ಸಾಕು. ನಿಪ್ಪಲ್ ಇರುವ ಗನ್‌ಮೆಟಲ್ ಬುಶ್ ಆದರೆ ಗ್ರೀಸ್ ಬೇಕು, ಅದು ಬೇರೆ ಜಾತಿ.

ಸವಣೂರ_ಸವಾರ · ಬುಧವಾರ, ರಾತ್ರಿ 9:52

ನನ್ನ ಬುಶ್ ವರ್ಷಕ್ಕೆ ಎರಡು ಸಲ ಹೋಗುತ್ತದೆ. ಅಂಗಡಿಯವನ ಜೊತೆ ಮಾತು ಬಿಟ್ಟು ಒಂದು ವರ್ಷ ಆಯಿತು. ನಾಳೆ ಹೋಗಿ ಮಾತಾಡಿಸಬೇಕು.

ಎರೆಹೊಲ_ರೋಣ · ಗುರುವಾರ, ಬೆಳಿಗ್ಗೆ 11:05

ಮಾಡಿದೆ. ಶ್ಯಾಕಲ್ ನಟ್ ಸಡಿಲ ಮಾಡಿದ ಕೂಡಲೇ "ಕಟ್" ಅಂತ ತಿರುಗಿ ಕೂತಿತು. ಅಷ್ಟು ತಿರುಚಿತ್ತು! ಲೋಡ್ ವಾಲ್ವ್ ಕಡ್ಡಿ ಸರಿಯಾಗಿ ಸಿಕ್ಕಿಸಿದೆ. ಹೊಸ ಪಾಟಾ ಮೇಲೆ ಗಾಡಿ ಎತ್ತರ ಆಗಿದೆ, ವಾಲ್ವ್ ಸೆಟ್ಟಿಂಗ್ ಗದಗದಲ್ಲಿ ಪುಸ್ತಕ ಇಟ್ಟುಕೊಂಡವರ ಹತ್ತಿರ ತೋರಿಸ್ತೀನಿ. ಗಾಲಿ ನಟ್ ಅಡ್ಡ ಕ್ರಮದಲ್ಲಿ ಬಿಗಿದೆ.

ಮರುಬಿಗಿ ಯಾವಾಗ?

ಗೋಕುಲರೋಡ್_ಫಿಟ್ಟರ್ · ಗುರುವಾರ, ಬೆಳಿಗ್ಗೆ 11:40

ಗಾಲಿ ನಟ್ 50 ಕಿಲೋಮೀಟರ್ ಓಡಿದ ಮೇಲೆ. ಯು-ಬೋಲ್ಟ್ ಒಂದು ಲೋಡ್ ಹೊತ್ತು ಬಂದ ಮೇಲೆ ಒಮ್ಮೆ, ಸಾವಿರ ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ. ಹೊಸ ಪ್ಲೇಟುಗಳ ನಡುವಿನ ಬಣ್ಣ ಸವೆದು ಸೆಟ್ ಕೂರುತ್ತದೆ, ಅದಕ್ಕೆ ಸಡಿಲ ಆಗುತ್ತದೆ. ಮೊದಲ ಲೋಡ್ ಅರ್ಧ ಇರಲಿ.

ಬ್ಯಾಡಗಿ_ಲೋಡ್ · ಶನಿವಾರ, ಸಂಜೆ 6:30

ಇವತ್ತು ಎರಡು ಪ್ಲೇಟು ತೆಗೆಸಿದೆ. ಕಡ್ಡಿ ತಂತಿ ಬಿಚ್ಚಿಸಿ ವಾಲ್ವ್ ಸರಿ ಮಾಡಿಸಿದೆ. ಶಾಕ್ ಅಬ್ಸಾರ್ಬರ್ ಬಿಚ್ಚಿ ಕೈಯಲ್ಲಿ ಎಳೆದರೆ ಸೈಕಲ್ ಪಂಪ್ ಹಾಗೆ ಬರುತ್ತಿತ್ತು, ಒಳಗೆ ಏನೂ ಇಲ್ಲ. ಜೋಡಿ ಬದಲಿಸಿದೆ. ಖಾಲಿ ಗಾಡಿ ಈಗ ಕುದುರೆ ಹಾಗೆ ನೆಗೆಯೋದಿಲ್ಲ. ಹೇರಿದಾಗ ಹೇಗಿರುತ್ತೋ ಮುಂದಿನ ವಾರ ಹೇಳ್ತೀನಿ.

ಎರೆಹೊಲ_ರೋಣ · ಮುಂದಿನ ಸೋಮವಾರ, ರಾತ್ರಿ 8:20

ಅರ್ಧ ಲೋಡ್ ಅಮರಗೋಳಕ್ಕೆ ಹೋಗಿ ಬಂದೆ. ಅದೇ ತಗ್ಗು, ಈ ಸಲ ಶಬ್ದ ಇಲ್ಲ. ಗಾಡಿ ನೇರ ಓಡುತ್ತದೆ, ಸ್ಟೇರಿಂಗ್ ಎಳೆಯುವುದು ನಿಂತಿದೆ. ಎಡಗಡೆ ಯು-ಬೋಲ್ಟ್ ನಟ್ ಒಂದೊಂದೂ ಕಾಲು ಸುತ್ತು ತಿರುಗಿದವು, ಬಲಗಡೆ ಅದಕ್ಕಿಂತ ಕಡಿಮೆ. ಸಾವಿರ ಕಿಲೋಮೀಟರ್ ಲೆಕ್ಕ ಇಡಲು ಡ್ಯಾಶ್‌ಬೋರ್ಡ್ ಮೇಲೆ ಸುಣ್ಣದಲ್ಲಿ ಮೀಟರ್ ಅಂಕಿ ಬರೆದಿದ್ದೀನಿ. ಅಮಾವಾಸ್ಯೆಗೆ ನಿಂಬೆಹಣ್ಣು ಕಟ್ಟುವಾಗ ತಮ್ಮ ಅದನ್ನು ಒರೆಸದಿದ್ದರೆ ಸಾಕು.